ಐದನೇ ಟ್ಯಾಕಲ್ ಮುಗಿದಾಗ ಚೆಂಡು ಯಾರ ಕೈಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲದ ಕಾಗದಗಳಲ್ಲಿ ಹೆಚ್ಚಿನವು ರಗ್ಬಿ ಲೀಗ್ ಬಗ್ಗೆ, ಅದರಲ್ಲೂ ಆಸ್ಟ್ರೇಲಿಯಾದ ಮಾಜಿ ಅಂತರರಾಷ್ಟ್ರೀಯ ಆಟಗಾರ ಜೊನಾಥನ್ ಥರ್ಸ್ಟನ್ ಬಗ್ಗೆ ಇದ್ದವು. ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳ ಸಂಸಾರ ಬ್ರಿಸ್ಬೇನ್‌ನಲ್ಲಿದೆ. ಮೊಮ್ಮಗ ಫೋನಿನಲ್ಲಿ ಮಾತೆತ್ತಿದರೆ ‘ಜೆಟಿ, ಜೆಟಿ’ ಅನ್ನುತ್ತಾನೆ. ಯಾರು ಈ ಜೆಟಿ? ಅಲ್ಲಿಯವರಿಗೆ ಅವರು ನಮ್ಮ ಸಚಿನ್ ಇದ್ದ ಹಾಗೆಯೇ?
– ಓದುಗರು, ಹುಬ್ಬಳ್ಳಿ

ಜೆಟಿ ಎಂದರೆ ಜೊನಾಥನ್ ಥರ್ಸ್ಟನ್. ಹೋಲಿಸಲೇಬೇಕಿದ್ದರೆ ಸಚಿನ್‌ಗಿಂತ ಧೋನಿ ಹತ್ತಿರವಾಗುತ್ತಾರೆ. ದೊಡ್ಡ ನಗರದಿಂದ ದೂರದ ಊರಿನ ತಂಡ, ಪಂದ್ಯ ಕೈತಪ್ಪುವ ಹೊತ್ತಿನಲ್ಲಿ ಎಲ್ಲರ ಕಣ್ಣೂ ಅವರ ಮೇಲೆ.

ಹುಟ್ಟಿದ್ದು 1983ರ ಏಪ್ರಿಲ್ 25ರಂದು, ಬ್ರಿಸ್ಬೇನ್‌ನಲ್ಲಿ. ಗುಂಗ್ಗರಿ ಮೂಲನಿವಾಸಿ ಸಮುದಾಯದವರು. ಹುಡುಗ ತೀರಾ ಸಣಕಲು ಎಂದು ಕ್ಲಬ್‌ಗಳು ಹಿಂದೆ ಸರಿದಿದ್ದವು. ಕೊನೆಗೆ ಕರೆದದ್ದು ಸಿಡ್ನಿಯ ಕ್ಯಾಂಟರ್‌ಬರಿ ಬುಲ್‌ಡಾಗ್ಸ್. 2002ರಲ್ಲಿ ಆ ತಂಡದ ಪರ ಮೊದಲ ಪಂದ್ಯ, 2004ರಲ್ಲಿ ಅದೇ ತಂಡದ ಜೊತೆ ಲೀಗ್ ಕಿರೀಟ. 2005ರಲ್ಲಿ ಬ್ರಿಸ್ಬೇನ್‌ಗೂ ಸುಮಾರು 1,300 ಕಿ.ಮೀ. ಉತ್ತರದಲ್ಲಿರುವ ಟೌನ್ಸ್‌ವಿಲ್‌ನ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ಸೇರಿದರು. 2018ರಲ್ಲಿ ನಿವೃತ್ತರಾಗುವ ತನಕ ಅಲ್ಲಿಂದ ಕದಲಲಿಲ್ಲ. ಬುಲ್‌ಡಾಗ್ಸ್‌ಗೆ 29, ಕೌಬಾಯ್ಸ್‌ಗೆ 294, ಒಟ್ಟು 323 ಲೀಗ್ ಪಂದ್ಯ.

ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕವನ್ನು ನಾಲ್ಕು ಸಲ ಗೆದ್ದರು: 2005, 2007, 2014, 2015. ಈ ಇಸವಿಗಳನ್ನು ಸ್ವಲ್ಪ ಗಮನಿಸಿ. ಮೊದಲ ಪದಕಕ್ಕೂ ಕೊನೆಯದಕ್ಕೂ ನಡುವೆ ಹತ್ತು ವರ್ಷ. ಮೈಗೆ ಮೈ ಡಿಕ್ಕಿ ಹೊಡೆಯುವ ಈ ಆಟದಲ್ಲಿ 32ರ ಹರೆಯದಲ್ಲೂ ಮೊದಲ ಸ್ಥಾನದಲ್ಲಿರುವುದು ಕಾಲಿನ ವೇಗದಿಂದ ಆಗುವ ಮಾತಲ್ಲ.

ಪ್ರಶ್ನೆ: 2025ರಲ್ಲಿ ಟಿವಿಯಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ತಂಡದ ರಗ್ಬಿ ನೋಡಿದೆ. ಥರ್ಸ್ಟನ್ ಆಡಿದ್ದೂ ಅದೇನಾ?
– ಓದುಗರು, ಬೆಂಗಳೂರು

ಅಲ್ಲ. ನೀವು ನೋಡಿದ್ದು ಏಳು ಜನರ ಸೆವೆನ್ಸ್. ಅದು ರಗ್ಬಿ ಯೂನಿಯನ್ ಮನೆತನದ್ದು. ಥರ್ಸ್ಟನ್ ಆಡಿದ್ದು 13 ಜನರ ರಗ್ಬಿ ಲೀಗ್. 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಉತ್ತರದ ಕ್ಲಬ್‌ಗಳು ಮನೆ ಪಾಲು ಮಾಡಿಕೊಂಡು ಹೊರಬಂದವು. ಗಣಿ, ಗಿರಣಿಗಳ ಕೆಲಸ ಬಿಟ್ಟು ಆಡಲು ಬರುವವರಿಗೆ ತಪ್ಪಿದ ಕೂಲಿ ಕಟ್ಟಿಕೊಡಬೇಕೋ ಬೇಡವೋ ಎಂಬುದೇ ಜಗಳದ ಮೂಲ.

ಆಟದ ವ್ಯತ್ಯಾಸ ಕಬಡ್ಡಿ ಬಲ್ಲವರಿಗೆ ಬೇಗ ತಿಳಿಯುತ್ತದೆ. ಪ್ರೊ ಕಬಡ್ಡಿಯಲ್ಲಿ ಎರಡು ರೇಡ್ ಖಾಲಿ ಹೋದರೆ ಮೂರನೆಯದು ‘ಡೂ ಆರ್ ಡೈ’ ಅಲ್ಲವೇ? ರಗ್ಬಿ ಲೀಗ್‌ನಲ್ಲಿ ಚೆಂಡು ಸಿಕ್ಕ ತಂಡಕ್ಕೆ ಆರು ಟ್ಯಾಕಲ್‌ಗಳ (ಚೆಂಡು ಹಿಡಿದು ಓಡುವವನನ್ನು ಎದುರಾಳಿ ಹಿಡಿದುಹಾಕುವುದು) ಅವಕಾಶ. ಸಿಕ್ಕಿಬಿದ್ದ ಆಟಗಾರ ಎದ್ದು ನಿಂತು ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ. ಎದುರಾಳಿಗಳು 10 ಮೀಟರ್ ಹಿಂದೆ ಸರಿಯಬೇಕು, ಇಬ್ಬರು ಮಾತ್ರ ಅಲ್ಲೇ ನಿಲ್ಲಬಹುದು. ಹೀಗೆ ಐದು ಸಲ. ಆರನೆಯ ಸಲವೂ ಹಿಡಿದುಹಾಕಿದರೆ ಚೆಂಡು ಅವರ ಪಾಲು. ಹಾಗಾಗಿ ಐದಾದ ಮೇಲೆ ಸಾಮಾನ್ಯವಾಗಿ ಚೆಂಡನ್ನು ಒದೆಯುತ್ತಾರೆ.

ಮೈದಾನ 100 ಮೀಟರ್ ಉದ್ದ, 68 ಮೀಟರ್ ಅಗಲ. ಆಟ 80 ನಿಮಿಷ.

ಪ್ರಶ್ನೆ: 7ನೇ ನಂಬರಿನ ಆಟಗಾರನ ಕೆಲಸ ಏನು? ಥರ್ಸ್ಟನ್ ಅದರಲ್ಲಿ ಅಷ್ಟು ಹೆಸರು ಮಾಡಿದ್ದು ಏಕೆ?
– ಓದುಗರು, ಮೈಸೂರು

7 ಎಂದರೆ ಹಾಫ್‌ಬ್ಯಾಕ್. ಮೊದಲ ನಾಲ್ಕು ಟ್ಯಾಕಲ್‌ಗಳಲ್ಲಿ ಭಾರಿ ಆಳುಗಳು ನುಗ್ಗಿ 40, 50 ಮೀಟರ್ ದಾರಿ ಮಾಡುತ್ತಾರೆ. ಆಗ ಹಾಫ್‌ಬ್ಯಾಕ್ ಮುಂದಿನ ಆಟ ಯಾವ ಬದಿಗೆ ಎಂದು ಕೂಗಿ ಹೇಳುತ್ತಾನೆ, ಆಗಾಗ ಪಾಸ್ ಕೊಡುತ್ತಾನೆ. ನಿಜವಾದ ಪರೀಕ್ಷೆ ಐದಾದ ಮೇಲೆ. ಚೆಂಡು ಕೈಗೆ ಬಂದ ಒಂದೆರಡು ಸೆಕೆಂಡಿನಲ್ಲಿ ತೀರ್ಮಾನ ಆಗಬೇಕು.

ಎದುರಾಳಿಯ ಗೋಲ್ ಗೆರೆಗೆ ಹತ್ತಿರ ಇದ್ದರೆ ಗ್ರಬರ್, ಅಂದರೆ ನೆಲಕ್ಕೆ ತಾಗಿ ಉರುಳುವ ಒದೆತ. ಅದು ಗೆರೆ ದಾಟಿದ ಮೇಲೆ ಎದುರಾಳಿ ಅಲ್ಲೇ ಸಿಕ್ಕಿಬಿದ್ದರೆ ಅವರು ಚೆಂಡನ್ನು ನಮ್ಮತ್ತ ಒದ್ದು ಆಟ ಶುರು ಮಾಡಬೇಕು. ಆಗ ನಮಗೆ ಮತ್ತೆ ಆರು ಟ್ಯಾಕಲ್. ಒಂದು ಗುಲಗಂಜಿ ಬಲ ಹೆಚ್ಚಾಗಿ ಚೆಂಡು ಹಿಂದಿನ ಗೆರೆಯನ್ನೂ ದಾಟಿತೋ, ಲೆಕ್ಕ ಪೂರ್ತಿ ತಿರುಗುಮುರುಗು: ಎದುರಾಳಿಗೆ 20 ಮೀಟರ್ ಗೆರೆಯಿಂದ ಆಟ, ಆಸ್ಟ್ರೇಲಿಯಾದ ಲೀಗ್‌ನಲ್ಲಿ 2014ರಿಂದ ಅದೂ ಏಳು ಟ್ಯಾಕಲ್. ಗೆರೆ ಆಚೆ ಇರುವ ಜಾಗ 6ರಿಂದ 11 ಮೀಟರ್ ಮಾತ್ರ. ಓಡುತ್ತಾ ಒದೆಯುವವನು ಚೆಂಡನ್ನು ಅಷ್ಟರೊಳಗೆ ನಿಲ್ಲಿಸಬೇಕು. ಮಂಜು ಬಿದ್ದ ಹುಲ್ಲಿನ ಮೇಲೆ ಚೆಂಡು ಜಾರಿ ಇನ್ನಷ್ಟು ದೂರ ಹೋಗುತ್ತದೆ, ಆದ್ದರಿಂದ ರಾತ್ರಿ ಪಂದ್ಯದಲ್ಲಿ ಅದೇ ಒದೆತಕ್ಕೆ ಬಲ ಕಡಿಮೆ.

ಇನ್ನೊಂದು ಬಾಂಬ್, ಆಕಾಶಕ್ಕೆ ಎತ್ತಿ ಹೊಡೆಯುವುದು. ಅದು ಕೆಳಗೆ ಬರುವಷ್ಟರಲ್ಲಿ ನಮ್ಮ ಹುಡುಗರು ಓಡಿ ಅಡಿಗೆ ತಲುಪಬೇಕು. ನಾಲ್ಕು ಸೆಕೆಂಡು ಗಾಳಿಯಲ್ಲಿದ್ದರೆ ಒಳ್ಳೆಯ ಬಾಂಬ್. ಎರಡೂವರೆ ಸೆಕೆಂಡಿನದು ಎದುರಾಳಿಗೆ ಕೊಟ್ಟ ಉಡುಗೊರೆ. ಓಡುವವರು ಒದೆಯುವ ಗಳಿಗೆಯಲ್ಲಿ ಒದೆಯುವವನ ಹಿಂದೆಯೇ ಇರಬೇಕು. ಅರ್ಧ ಹೆಜ್ಜೆ ಮುಂದಿದ್ದರೂ ಪೆನಾಲ್ಟಿ.

ಮೂರನೆಯದು 40/20. ನಮ್ಮ 40 ಮೀಟರ್ ಗೆರೆಯ ಹಿಂದಿನಿಂದ ಒದ್ದ ಚೆಂಡು ಒಂದು ಪುಟಿತ ತಿಂದು ಎದುರಾಳಿಯ 20 ಮೀಟರ್ ಒಳಗೆ ಪಕ್ಕದ ಗೆರೆ ದಾಟಿದರೆ ಚೆಂಡು ಮತ್ತೆ ನಮ್ಮದೇ. ಪುಟಿಯದೆ ನೇರ ಹೊರಹೋದರೆ ಒದ್ದ ಜಾಗದಲ್ಲೇ ಎದುರಾಳಿಗೆ ಕೊಡಬೇಕು. ಲಾಭವೂ ದೊಡ್ಡದು, ಸುಂಕವೂ ದೊಡ್ಡದು.

ಥರ್ಸ್ಟನ್ ವಿಶೇಷ ಇರುವುದು ಒದೆಯದೆಯೂ ಇರಬಲ್ಲರು ಎಂಬುದರಲ್ಲಿ. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ರಕ್ಷಕರ ಸಾಲಿನ ಮುಖದವರೆಗೂ ಓಡುತ್ತಿದ್ದರು. ಎರಡು ಕೈಯಲ್ಲಿ ಚೆಂಡು ಇದ್ದರೆ ಅವರು ಎಡಕ್ಕೆ ಪಾಸ್ ಕೊಡಬಹುದು, ಬಲಕ್ಕೆ ಕೊಡಬಹುದು, ಕೊಟ್ಟಂತೆ ಮಾಡಿ ತಾವೇ ನುಗ್ಗಬಹುದು, ಒದೆಯಲೂಬಹುದು. ರಕ್ಷಕ ಯಾವುದನ್ನೂ ಬಿಟ್ಟುಕೊಡುವಂತಿಲ್ಲ, ಹಾಗಾಗಿ ಕಾಲು ನೆಟ್ಟು ನಿಂತುಬಿಡುತ್ತಾನೆ. ನಿಂತ ಅರೆಗಳಿಗೆ ಸಾಕು. ಇದಕ್ಕೆ ತೆರಬೇಕಾದ ಬೆಲೆ ಬೇರೆ: ಪಾಸ್ ಕೊಟ್ಟ ಮರುಗಳಿಗೆ ನೂರು ಕಿಲೋ ತೂಗುವವನೊಬ್ಬ ಬಂದು ಅಪ್ಪಳಿಸುತ್ತಾನೆ, ಆಗ ಪಕ್ಕೆಲುಬು ಪೂರ್ತಿ ತೆರೆದಿರುತ್ತದೆ. ಬಹಳಷ್ಟು ಹಾಫ್‌ಬ್ಯಾಕ್‌ಗಳು ಎರಡು ಮೀಟರ್ ಮೊದಲೇ ಪಾಸ್ ಕೊಟ್ಟು ಮೈ ಉಳಿಸಿಕೊಳ್ಳುತ್ತಾರೆ. ಮೈ ಉಳಿಯುತ್ತದೆ, ಆದರೆ ರಕ್ಷಕನಿಗೆ ಪಕ್ಕಕ್ಕೆ ಸರಿಯಲು ಸಮಯವೂ ಸಿಗುತ್ತದೆ.

ಪ್ರಶ್ನೆ: 2015ರ ಫೈನಲ್‌ನಲ್ಲಿ ಥರ್ಸ್ಟನ್ ಅವರ ಕೊನೆಯ ಒದೆತ ಕಂಬಕ್ಕೆ ಬಡಿಯಿತಂತೆ. ಇಷ್ಟು ದೊಡ್ಡ ಆಟಗಾರ ಆ ಹೊತ್ತಿನಲ್ಲಿ ತಪ್ಪಿದ್ದು ಹೇಗೆ? ಅಂಚಿನಿಂದ ಹೊಡೆಯುವುದು ಅಷ್ಟು ಕಷ್ಟವೇ?
– ಓದುಗರು, ಮಂಗಳೂರು

ಮೊದಲು ಸಂದರ್ಭ. 2015ರ ಅಕ್ಟೋಬರ್ 4, ಸಿಡ್ನಿ. ಕೌಬಾಯ್ಸ್ ಎದುರು ಬ್ರಿಸ್ಬೇನ್ ಬ್ರಾಂಕೋಸ್. 1995ರಲ್ಲಿ ಲೀಗ್ ಸೇರಿದ ಕೌಬಾಯ್ಸ್ ಅದುವರೆಗೆ ಒಂದು ಸಲವೂ ಕಿರೀಟ ಗೆದ್ದಿರಲಿಲ್ಲ. ಸಮಯ ಮುಗಿಯುತ್ತಿದ್ದಾಗ ಬ್ರಾಂಕೋಸ್ 16-12ರಿಂದ ಮುಂದಿತ್ತು. ಕೊನೆಯ ಕ್ಷಣದಲ್ಲಿ ಮೈಕಲ್ ಮೋರ್ಗನ್ ಟ್ಯಾಕಲ್‌ಗೆ ಸಿಕ್ಕಿಕೊಳ್ಳುತ್ತಲೇ ಚಿಮ್ಮಿಸಿದ ಪಾಸ್ ಹಿಡಿದು ಕೈಲ್ ಫೆಲ್ಟ್ ಮೂಲೆಯಲ್ಲಿ ಟ್ರೈ ಹೊಡೆದರು, ಅಂದರೆ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ ನಾಲ್ಕು ಅಂಕ ಗಳಿಸಿದರು. 16-16. ಟ್ರೈ ಆದ ಮೇಲೆ ಸಿಗುವ ಎರಡು ಅಂಕದ ಕನ್ವರ್ಷನ್ ಒದೆತವನ್ನು ಥರ್ಸ್ಟನ್ ತೆಗೆದುಕೊಂಡರು. ಚೆಂಡು ಕಂಬಗಳ ನಡುವೆ ಹೋದರೆ ಕಿರೀಟ. ಚೆಂಡು ಕಂಬಕ್ಕೆ ಬಡಿದು ಆಚೆ ಹಾರಿತು.

ಈಗ ಲೆಕ್ಕ. ಕನ್ವರ್ಷನ್ ಒದೆಯುವವನು ಟ್ರೈ ಆದ ಜಾಗಕ್ಕೆ ನೇರವಾಗಿ ಎಷ್ಟು ಹಿಂದಕ್ಕೆ ಬೇಕಾದರೂ ಬರಬಹುದು, ಆದರೆ ಒಳಕ್ಕೆ ಸರಿಯುವಂತಿಲ್ಲ. ಎರಡು ಕಂಬಗಳ ನಡುವೆ 5.5 ಮೀಟರ್, ಅಡ್ಡಪಟ್ಟಿ 3 ಮೀಟರ್ ಎತ್ತರ. ಕಂಬಗಳ ಎದುರು 25 ಮೀಟರ್ ದೂರದಲ್ಲಿ ನಿಂತರೆ ಆ ಬಾಗಿಲು ಕಣ್ಣಿಗೆ ಸುಮಾರು 12.6 ಡಿಗ್ರಿ ಅಗಲವಾಗಿ ಕಾಣುತ್ತದೆ. ಪಕ್ಕದ ಗೆರೆಯಿಂದ 2 ಮೀಟರ್ ಒಳಗೆ, ಅದೇ 25 ಮೀಟರ್ ಹಿಂದೆ ನಿಂತರೆ 4.8 ಡಿಗ್ರಿ ಮಾತ್ರ. ದೂರವೂ 25 ಅಲ್ಲ, ಓರೆಯಾಗಿ ಅಳೆದರೆ ಹತ್ತಿರಹತ್ತಿರ 41 ಮೀಟರ್. ಬಾಗಿಲು ಪಕ್ಕದಿಂದ ಕಾಣುವುದರಿಂದ 5.5 ಮೀಟರ್ ಹೋಗಿ ಮೂರೂವರೆ ಮೀಟರ್‌ನಷ್ಟಾಗುತ್ತದೆ.

ಹಾಗಾದರೆ ಇನ್ನೂ ಹಿಂದೆ ಹೋಗಬಹುದಲ್ಲ ಎಂದು ಕೇಳಬಹುದು. 32 ಮೀಟರ್ ಹಿಂದೆ ಹೋದರೆ ಕೋನ 4.9 ಡಿಗ್ರಿ ಆಗುತ್ತದೆ. ಒಂದು ದಶಮಾಂಶ ಗಳಿಸಲು ಒದೆಯುವ ದೂರ 45 ಮೀಟರ್‌ಗೆ ಏರುತ್ತದೆ. ಲಾಭವಿಲ್ಲ. ಬದಲಿಗೆ 15 ಮೀಟರ್‌ನಷ್ಟೇ ಹಿಂದೆ ಬಂದರೆ ಕೋನ 3.8ಕ್ಕೆ ಕುಗ್ಗುತ್ತದೆ. ಅಂಚಿನಿಂದ ಹೊಡೆಯುವವರು 20ರಿಂದ 25 ಮೀಟರ್ ಆಸುಪಾಸಿನಲ್ಲಿ ಚೆಂಡು ಇಡುವುದು ಇದಕ್ಕೇ.

ಇದರ ಮೇಲೆ 80 ನಿಮಿಷ ಆಡಿ ದಣಿದ ಕಾಲು. ಕಂಬಕ್ಕೆ ಬಡಿದದ್ದು ಎಂದರೆ ಒಂದು ಡಿಗ್ರಿಯೂ ತಪ್ಪಲಿಲ್ಲ ಎಂದರ್ಥ. ಅದನ್ನು ವೈಫಲ್ಯ ಅನ್ನಲು ನಮಗೆ ಮನಸ್ಸಿಲ್ಲ.

ಸಮವಾದ್ದರಿಂದ ಗೋಲ್ಡನ್ ಪಾಯಿಂಟ್, ಮೊದಲು ಅಂಕ ಗಳಿಸಿದವರು ಗೆದ್ದಂತೆ. ಆಟ ಶುರುವಾದ ಒದೆತವನ್ನೇ ಬ್ರಾಂಕೋಸ್‌ನ ಬೆನ್ ಹಂಟ್ ಹಿಡಿಯಲಾಗದೆ ಬಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಮುಂದಿನ ಟ್ಯಾಕಲ್‌ಗಳಲ್ಲಿ ಕೌಬಾಯ್ಸ್ ಟ್ರೈಗೆ ಹೋಗಲಿಲ್ಲ, ಚೆಂಡನ್ನು ಕಂಬಗಳ ಎದುರಿಗೆ ತರುವುದಷ್ಟೇ ಕೆಲಸ. ಆಮೇಲೆ ಹುಕರ್ (ಟ್ಯಾಕಲ್ ಆದ ಜಾಗದಿಂದ ಚೆಂಡು ಎತ್ತಿಕೊಡುವ ಆಟಗಾರ) ಹಿಂದಕ್ಕೆ ಎಸೆದ ಚೆಂಡನ್ನು ಥರ್ಸ್ಟನ್ ಡ್ರಾಪ್ ಕಿಕ್ ಮಾಡಿದರು: ಚೆಂಡಿನ ಮೊನೆ ನೆಲಕ್ಕೆ ತಾಗುವಂತೆ ನೇರ ಬಿಟ್ಟು, ತಾಗಿದ ಕ್ಷಣದಲ್ಲೇ ಒದೆಯುವುದು. ಚೆಂಡು ಸ್ವಲ್ಪ ಓರೆಯಾಗಿ ಬಿದ್ದರೂ ಎಲ್ಲೆಲ್ಲಿಗೋ ಪುಟಿಯುತ್ತದೆ, ರಕ್ಷಕರು ಹತ್ತು ಮೀಟರ್ ದೂರದಿಂದ ಕೈ ಚಾಚಿ ಓಡಿ ಬರುತ್ತಿರುತ್ತಾರೆ. ಹೋಯಿತು. 17-16. ಒಂದೇ ಒಂದು ಅಂಕ. ಪಂದ್ಯಶ್ರೇಷ್ಠನಿಗೆ ಕೊಡುವ ಕ್ಲೈವ್ ಚರ್ಚಿಲ್ ಪದಕವೂ ಅವರಿಗೇ.

ಪ್ರಶ್ನೆ: 2004ರಲ್ಲಿ ಲೀಗ್ ಗೆದ್ದದ್ದಕ್ಕೆ ಸಿಕ್ಕ ಉಂಗುರವನ್ನು ಅವರು ಬೇರೆಯವರಿಗೆ ಕೊಟ್ಟುಬಿಟ್ಟರು ಎಂದು ಓದಿದೆ. ಕಟ್ಟುಕಥೆಯೋ ನಿಜವೋ?
– ಓದುಗರು, ತುಮಕೂರು

ನಿಜ. ಬುಲ್‌ಡಾಗ್ಸ್ ನಾಯಕ ಸ್ಟೀವ್ ಪ್ರೈಸ್ ಗಾಯಗೊಂಡು ಫೈನಲ್ ತಪ್ಪಿಸಿಕೊಂಡರು, ಅದರಿಂದ 21 ವರ್ಷದ ಥರ್ಸ್ಟನ್‌ಗೆ ಬದಲಿ ಆಟಗಾರರ ಬೆಂಚಿನಲ್ಲಿ ಜಾಗ ಸಿಕ್ಕಿತು. ಸಿಡ್ನಿ ರೂಸ್ಟರ್ಸ್ ಎದುರು 16-13ರಿಂದ ಗೆದ್ದ ಮೇಲೆ ತಮ್ಮ ಉಂಗುರವನ್ನು ಪ್ರೈಸ್‌ಗೆ ಕೊಟ್ಟರು. ಮರುವರ್ಷ ಕೌಬಾಯ್ಸ್ ಜೊತೆ ಮತ್ತೆ ಫೈನಲ್ ತಲುಪಿ ವೆಸ್ಟ್ಸ್ ಟೈಗರ್ಸ್‌ಗೆ 30-16ರಿಂದ ಸೋತರು. ಎರಡನೇ ಉಂಗುರಕ್ಕೆ ಕಾದದ್ದು ಹನ್ನೊಂದು ವರ್ಷ.

ಪ್ರಶ್ನೆ: ದೇಶಕ್ಕೆ ಆಡಿದ್ದು ಎಷ್ಟು? ರಾಜ್ಯಕ್ಕೆ ಆಡಿದ್ದನ್ನೇ ಅಲ್ಲಿ ಹೆಚ್ಚು ಹೊಗಳುತ್ತಾರಲ್ಲ, ಏಕೆ?
– ಓದುಗರು, ದಾವಣಗೆರೆ

ಆಸ್ಟ್ರೇಲಿಯಾಕ್ಕೆ 38 ಟೆಸ್ಟ್, 382 ಅಂಕ. ಒಡೆದು ನೋಡಿ: 13 ಟ್ರೈ, ಒಂದಕ್ಕೆ 4ರಂತೆ 52. 165 ಗೋಲ್, ಒಂದಕ್ಕೆ 2ರಂತೆ 330. 2008ರ ವಿಶ್ವಕಪ್ ಫೈನಲ್‌ನಲ್ಲಿ ಬ್ರಿಸ್ಬೇನ್‌ನಲ್ಲೇ ನ್ಯೂಜಿಲೆಂಡ್ ಕೈಯಲ್ಲಿ 34-20ರ ಸೋಲು. 2013ರಲ್ಲಿ ಮ್ಯಾಂಚೆಸ್ಟರ್‌ನ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಅದೇ ಎದುರಾಳಿಯನ್ನು 34-2ರಿಂದ ಬಡಿದರು. ವಿಶ್ವದ ಶ್ರೇಷ್ಠ ಆಟಗಾರನಿಗೆ ಕೊಡುವ ಗೋಲ್ಡನ್ ಬೂಟ್ 2011, 2013, 2015ರಲ್ಲಿ ಸಿಕ್ಕಿತು.

ರಾಜ್ಯದ ವಿಷಯ ಬೇರೆ. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ನಡುವಿನ ಸ್ಟೇಟ್ ಆಫ್ ಆರಿಜಿನ್ 1980ರಲ್ಲಿ ಶುರುವಾಯಿತು, ಈಗ ವರ್ಷಕ್ಕೆ ಮೂರು ಪಂದ್ಯ. ಕ್ಲಬ್‌ನಲ್ಲಿ ಜೊತೆಗಾರರಾದವರು ಇಲ್ಲಿ ಎದುರಾಳಿಗಳು. ಟೆಸ್ಟ್‌ಗಿಂತ ಇದರ ಮಟ್ಟ ಬಿಗಿ ಎಂದು ಆಟ ಬಲ್ಲವರೇ ಹೇಳುತ್ತಾರೆ, ನಮ್ಮ ಅಭಿಪ್ರಾಯವೂ ಅದೇ. ಏಕೆಂದರೆ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಸರಿಸಾಟಿಯಾಗುವ ತಂಡಗಳು ಒಂದೆರಡು ಮಾತ್ರ. ಥರ್ಸ್ಟನ್ 2005ರಿಂದ 2016ರವರೆಗೆ ಒಂದೂ ಬಿಡದೆ 36 ಆರಿಜಿನ್ ಪಂದ್ಯ ಆಡಿದರು. 2006ರಿಂದ 2013ರವರೆಗೆ ಕ್ವೀನ್ಸ್‌ಲ್ಯಾಂಡ್ ಸತತ ಎಂಟು ಸರಣಿ ಗೆದ್ದಿತು. 2017ರದ್ದೊಂದೂ ಸೇರಿ ಒಟ್ಟು 37 ಪಂದ್ಯಗಳಲ್ಲಿ ಅವರ ಅಂಕ 220. ಇದರಲ್ಲಿ ಟ್ರೈ ಐದೇ. ಬೇರೆಯವರಿಗೆ ಮಾಡಿಕೊಟ್ಟ ಟ್ರೈಗಳು ಅಂಕಪಟ್ಟಿಯಲ್ಲಿ ಅವರ ಹೆಸರಿಗೆ ಬರುವುದಿಲ್ಲ, ಹಾಗಾಗಿ 220 ಎಂಬುದು ಅವರ ಕೆಲಸದ ಸಣ್ಣ ಭಾಗ.

ಪ್ರಶ್ನೆ: ಭುಜ ಮುರಿದುಕೊಂಡೇ ಪಂದ್ಯ ಗೆಲ್ಲಿಸಿದರು ಎನ್ನುತ್ತಾರೆ. ಒದೆಯುವುದು ಕಾಲಲ್ಲಿ ತಾನೇ, ಭುಜಕ್ಕೇನು ಸಂಬಂಧ?
– ಓದುಗರು, ಬೆಳಗಾವಿ

2017ರ ಜೂನ್ 21, ಸಿಡ್ನಿ. ಅದೇ ಅವರ 37ನೇ, ಕೊನೆಯ ಆರಿಜಿನ್ ಪಂದ್ಯ. ಮೇ ತಿಂಗಳಲ್ಲೇ ಭುಜಕ್ಕೆ ಪೆಟ್ಟಾಗಿ ಸರಣಿಯ ಮೊದಲ ಪಂದ್ಯ ತಪ್ಪಿತ್ತು. ಎರಡನೆಯದರಲ್ಲಿ ಮತ್ತೆ ಪೆಟ್ಟು. ಆದರೂ ಹೊರಗೆ ಬರಲಿಲ್ಲ. 77ನೇ ನಿಮಿಷದಲ್ಲಿ ಡೇನ್ ಗಗಾಯ್ ಟ್ರೈ ಹೊಡೆದು 16-16 ಆದಾಗ ಕನ್ವರ್ಷನ್ ಹೊಡೆದು 18-16 ಮಾಡಿದರು. ಅಲ್ಲಿಗೆ ಅವರ ಪಾಲಿನ ವರ್ಷ ಮುಗಿಯಿತು, ಶಸ್ತ್ರಚಿಕಿತ್ಸೆಗೆ ಹೋದರು.

ಭುಜಕ್ಕೂ ಒದೆತಕ್ಕೂ ಸಂಬಂಧ ಇದೆ. ಬಲಗಾಲು ಬೀಸುವಾಗ ಎಡಗೈ ಹೊರಕ್ಕೆ ಚಾಚಿ, ಒದೆಯುವ ಕ್ಷಣದಲ್ಲಿ ಎದೆಯ ಅಡ್ಡಕ್ಕೆ ಬರುತ್ತದೆ. ಬಲಗೈ ಸಮತೋಲಕ್ಕೆ ಹಿಂದಕ್ಕೆ ಹೋಗುತ್ತದೆ. ಕೈಗಳು ಸ್ವತಂತ್ರವಾಗಿ ಬೀಸದಿದ್ದರೆ ಸೊಂಟ ಬೇಗ ತಿರುಗಿಬಿಡುತ್ತದೆ, ಬಲಗಾಲಿನವನ ಚೆಂಡು ಎಡಕ್ಕೆ ಎಳೆದುಹೋಗುತ್ತದೆ. ಟ್ಯಾಕಲ್ ಮಾಡುವುದಂತೂ ಇನ್ನೂ ಕಷ್ಟ: ಕೈ ಚಾಚಿ ಓಡುವವನನ್ನು ಹಿಡಿದಾಗ ಅವನ ಭಾರ ಪೂರ್ತಿ ತೋಳನ್ನು ಹಿಂದಕ್ಕೆ ತಳ್ಳುತ್ತದೆ, ಕೀಲು ಹಿಡಿದಿರುವ ಸ್ನಾಯುಗಳು ಹರಿಯುವುದು ಆಗಲೇ.

ಆದರೆ ಇದನ್ನು ನೋಡಿ ನಮ್ಮ ಶಾಲಾ ಹುಡುಗರು ಗಾಯದಲ್ಲಿ ಆಡಬೇಕಿಲ್ಲ. ಅವರ ಪಕ್ಕದಲ್ಲಿ ತಂಡದ ವೈದ್ಯರಿದ್ದರು.

ಪ್ರಶ್ನೆ: ಅವರು ಹಾಕುತ್ತಿದ್ದ ತಲೆಗವಸು ಮಗನಿಗೆ ಕೊಡಿಸಿದರೆ ತಲೆಗೆ ಪೆಟ್ಟಾಗುವುದಿಲ್ಲವೇ?
– ಓದುಗರು, ಕಲಬುರಗಿ

ಕೊಡಿಸಿ, ಆದರೆ ತಪ್ಪು ನಂಬಿಕೆ ಬೇಡ. ಅದು ಸೈಕಲ್ ಹೆಲ್ಮೆಟ್ ಅಲ್ಲ, ತೆಳ್ಳನೆಯ ಸ್ಪಂಜು. ಕಿವಿ ಹರಿಯುವುದು, ನೆತ್ತಿ ಸೀಳುವುದು, ತರಚುವುದು ಕಡಿಮೆಯಾಗುತ್ತದೆ. ಮಿದುಳಿಗೆ ಆಗುವ ಪೆಟ್ಟು ಬೇರೆ ಬಗೆಯದು: ತಲೆ ಫಕ್ಕನೆ ನಿಂತಾಗ ಅಥವಾ ತಿರುಗಿದಾಗ ಒಳಗೆ ಮಿದುಳು ಅಲುಗುತ್ತದೆ, ಹೊರಗಿನ ಸ್ಪಂಜು ಅದನ್ನು ತಡೆಯುವುದಿಲ್ಲ. ಪೆಟ್ಟಾದ ಮೇಲೆ ತಲೆಸುತ್ತು, ವಾಂತಿ, ಮಂಕು ಕಂಡರೆ ಆ ದಿನ ಆಟಕ್ಕೆ ಪೂರ್ಣವಿರಾಮ, ವೈದ್ಯರ ಬಳಿ ಹೋಗಬೇಕು. ಥರ್ಸ್ಟನ್ ತಮ್ಮ ತಲೆಗವಸನ್ನು ಪಂದ್ಯ ಮುಗಿದ ಮೇಲೆ ಪ್ರೇಕ್ಷಕರಲ್ಲಿದ್ದ ಮಕ್ಕಳಿಗೆ ಕೊಡುತ್ತಿದ್ದರು. ಅದು ಅಷ್ಟು ಜನಪ್ರಿಯವಾದದ್ದು ಅದಕ್ಕೇ ಇರಬೇಕು.

ಪ್ರಶ್ನೆ: ನಿವೃತ್ತಿಯ ನಂತರ?
– ಓದುಗರು, ಉಡುಪಿ

ಜೆಟಿ ಅಕಾಡೆಮಿ ಎಂಬ ಹೆಸರಿನಲ್ಲಿ ಯುವಜನರಿಗೆ, ಮುಖ್ಯವಾಗಿ ಮೂಲನಿವಾಸಿಗಳಿಗೆ, ಉದ್ಯೋಗದ ತರಬೇತಿ. 2017ರಲ್ಲಿ, ಇನ್ನೂ ಆಡುತ್ತಿದ್ದಾಗಲೇ, ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಪದಕ ಅವರಿಗೆ ಸಂದಿತ್ತು.

ಪ್ರಶ್ನೆ: ಮಗಳಿಗೆ 14 ವರ್ಷ. ಶಾಲೆಯ ರಗ್ಬಿ ತಂಡದಲ್ಲಿ ಗೋಲ್ ಒದೆಯುತ್ತಾಳೆ. ಎದುರಿನಿಂದ ಹೋಗುತ್ತದೆ, ಬದಿಗೆ ಸರಿದರೆ ತಪ್ಪುತ್ತದೆ. ಹೇಗೆ ಅಭ್ಯಾಸ ಮಾಡಿಸಲಿ?
– ಓದುಗರು, ಶಿವಮೊಗ್ಗ

ಮೊದಲು ಚೆಂಡು ನೋಡಿ. ದೊಡ್ಡವರ 5ನೇ ಅಳತೆಯ ಚೆಂಡಿನಲ್ಲಿ ಅಭ್ಯಾಸ ಮಾಡುತ್ತಿದ್ದರೆ 4ನೇ ಅಳತೆಗೆ ಇಳಿಸಿ. ಗಾಳಿ ಕಡಿಮೆ ಇರುವ ಚೆಂಡು ದೂರ ಹೋಗುವುದಿಲ್ಲ, ಅದನ್ನು ಹೋಗಿಸಲು ಹುಡುಗಿ ಮೈಯೆಲ್ಲ ಬಳಸುತ್ತಾಳೆ, ಗುರಿ ಹಾಳಾಗುತ್ತದೆ.

ಚೆಂಡನ್ನು ಟೀ (ಚೆಂಡು ನಿಲ್ಲಿಸುವ ಪುಟ್ಟ ಆಸರೆ) ಮೇಲೆ ನೆಟ್ಟಗೆ, ತುದಿ ಒಂದಿಷ್ಟೇ ಮುಂದಕ್ಕೆ ಬಾಗುವಂತೆ ಇಡಿಸಿ. ಒಂದು ಹೊಲಿಗೆ ಕಂಬಗಳ ನಡುವಿನ ಗುರಿಗೆ ನೇರ ಇರಲಿ, ಅದೇ ಅವಳ ಗುರಿಗೆರೆ. ಅಲ್ಲಿಂದ ಮೂರು ಹೆಜ್ಜೆ ಹಿಂದೆ, ಬಲಗಾಲಿನವಳಾದರೆ ಎರಡು ಹೆಜ್ಜೆ ಎಡಕ್ಕೆ. ಈ ಎಣಿಕೆ ಪ್ರತಿ ಸಲವೂ ಒಂದೇ ಇರಬೇಕು. ಊರುವ ಕಾಲು ಚೆಂಡಿನ ಪಕ್ಕಕ್ಕೆ ಒಂದು ಗೇಣು ದೂರದಲ್ಲಿ ಇಳಿಯಲಿ. ಅದು ಹಿಂದೆ ಬಿದ್ದರೆ ಚೆಂಡು ಬರೀ ಮೇಲೇರಿ ದೂರ ಹೋಗುವುದಿಲ್ಲ. ತೀರಾ ಹತ್ತಿರ ಬಿದ್ದರೆ ಕಾಲು ಬೀಸಲು ಜಾಗ ಸಾಲದೆ ಎಡಕ್ಕೆ ಎಳೆಯುತ್ತದೆ. ಒದೆತ ಚೆಂಡಿನ ಕೆಳಗಿನ ಮೂರನೇ ಒಂದು ಭಾಗಕ್ಕೆ, ಪಾದದ ಮೇಲ್ಭಾಗದ ಗಟ್ಟಿ ಮೂಳೆಯಿಂದ, ಬೆರಳ ತುದಿಯಿಂದಲ್ಲ. ತಲೆ ಎತ್ತಿ ಚೆಂಡು ಎಲ್ಲಿ ಹೋಯಿತೆಂದು ನೋಡುವ ಆಸೆಯೇ ದೊಡ್ಡ ಶತ್ರು. ಒದ್ದ ಮೇಲೂ ಟೀ ಮೇಲೆ ಕಣ್ಣಿರಲಿ.

ಎದುರಿನಿಂದ 15 ಮೀಟರ್‌ನಲ್ಲಿ ಹತ್ತು ಒದೆತ. ಎಂಟು ಹೋದರೆ ಮಾತ್ರ 5 ಮೀಟರ್ ಬದಿಗೆ ಸರಿಯಲಿ, ಮತ್ತೆ ಹತ್ತು. ಎಂಟಕ್ಕಿಂತ ಕಡಿಮೆಯಾದರೆ ಹಿಂದಿನ ಜಾಗಕ್ಕೆ ವಾಪಸ್. ಬದಿಗೆ ಸರಿದಾಗ ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: ಚೆಂಡನ್ನು ಕಂಬದತ್ತ ತಿರುಗಿಸುತ್ತಾರೆ, ತಮ್ಮ ಓಟದ ದಾರಿಯನ್ನು ತಿರುಗಿಸುವುದಿಲ್ಲ. ಮೂರು ಹಿಂದೆ, ಎರಡು ಎಡಕ್ಕೆ ಎಂಬ ಎಣಿಕೆ ಹೊಲಿಗೆಯ ಗೆರೆಯಿಂದ ಶುರುವಾಗಬೇಕು, ಮೈದಾನದ ಗೆರೆಯಿಂದಲ್ಲ. ನಿಮ್ಮ ಮಗಳ ತೊಂದರೆ ಇದೇ ಇರುವ ಸಾಧ್ಯತೆ ಹೆಚ್ಚು. ಹಿಂದೆ ನಿಂತು ಫೋನಿನಲ್ಲಿ ವಿಡಿಯೊ ಮಾಡಿ ನೋಡಿದರೆ ಕೂಡಲೇ ಕಾಣುತ್ತದೆ.

ಒಂದು ದಿನಕ್ಕೆ 30, ಹೆಚ್ಚೆಂದರೆ 40 ಒದೆತ, ವಾರಕ್ಕೆ ಮೂರು ದಿನ. ಬೆಳೆಯುವ ವಯಸ್ಸಿನಲ್ಲಿ ತೊಡೆಸಂದು ಮತ್ತು ಮಂಡಿಯ ಕೆಳಗಿನ ನೋವು ಬೇಗ ಶುರುವಾಗುತ್ತದೆ. ನೋವು ಎಂದರೆ ಅಂದಿಗೆ ನಿಲ್ಲಿಸಿ. ಮಳೆಗಾಲದಲ್ಲಿ ಚೆಂಡು ಮತ್ತು ಬೂಟಿನ ಮೇಲ್ಭಾಗ ಒರೆಸಲು ಒಂದು ಒಣ ಬಟ್ಟೆ ಜೇಬಿನಲ್ಲಿರಲಿ. ಟೀ ಕೆಳಗೆ ಕೆಸರಿದ್ದರೆ ಒಂದಡಿ ಹಿಂದಕ್ಕೆ, ಗಟ್ಟಿ ಹುಲ್ಲಿಗೆ ಸರಿಯಲು ನಿಯಮದಲ್ಲಿ ಅಡ್ಡಿಯಿಲ್ಲ.